ಎಡಗಾಲಿನ ನೆರಳು

ಬೆಳಿಗ್ಗೆ ಎದ್ದಾಗಿನಿಂದ ಪಾರ್ಶ್ವನಾಥ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಚಹಾ ಬಂದಾಗ ಬಸಿಯಲ್ಲಿ ಸುರಿದುಕೊಂಡು ಆರಿಸುವವನ ಹಾಗೆ ಕೂತು, ಸೊಸೆ ಸಂಪದಾ ಒಳಗೆ ಹೋದದ್ದೇ ತಡ, ಕಿಟಕಿಯಿಂದ ಕೈಚಾಚಿ ದಾಸವಾಳದ ಬುಡಕ್ಕೆ ಚೆಲ್ಲಿಬಿಟ್ಟಿದ್ದ. ಚೆಲ್ಲಿದ ಮೇಲೆ ನಾಚಿಕೆಯಾಯಿತು. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಅಡತಿ ಅಂಗಡಿ ನಡೆಸುವ, ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದ ಮನುಷ್ಯ ಹೀಗೆ ಕದ್ದು ಚಹಾ ಚೆಲ್ಲುವುದೆ? ಆದರೆ ಕುಡಿಯದಿದ್ದರೂ ಕಿಬ್ಬೊಟ್ಟೆಯಲ್ಲಿ ಆಗಲೇ ಸಣ್ಣಗೆ ಒತ್ತಿದಂತಾಗುತ್ತಿತ್ತು. ಈ ವಯಸ್ಸಿಗೆ ಗಂಡಸರಿಗೆ ಇದು ಆಗುವಂಥದೇ, ಒಂದು ಆಪರೇಶನ್ ಮಾಡಿಸಿಕೊಂಡರೆ ಮುಗಿಯಿತು ಎಂದು ಮಿರಜಿನ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಹೂಂ ಎಂದು ಎದ್ದು ಬಂದವನು ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಆಪರೇಶನ್ನಿನ ಭಯವಲ್ಲ. ಮೇಜಿನ ಮೇಲೆ ಮಲಗಿಸಿ, ದೀಪ ಹಚ್ಚಿ, ನಾಲ್ಕು ಜನ ಬಗ್ಗಿ ನೋಡುತ್ತಾರಲ್ಲ, ಅದನ್ನು ನೆನೆದೇ ಅಂಗೈ ಬೆವರುತ್ತಿತ್ತು. ಮೊದಲಿನಿಂದಲೂ ಅವನಿಗೆ ಹೀಗೆಯೇ. ಅರಿಶಿನದ ವ್ಯಾಪಾರ ಅವನಿಗೆ ಒಗ್ಗಿದ್ದು ಕೂಡ ಅದಕ್ಕೇ ಇರಬೇಕು. ಲಿಲಾವಿನಲ್ಲಿ, ಹರಾಜು ಕೂಗದೆ, ವಸ್ತ್ರದ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಹೇಳುವುದು, ಮೇಲೆ ಮುಖದಲ್ಲಿ ಏನೂ ಕಾಣಿಸದಂತಿರುವುದು, ಹರಿಪುರದ ಹಗೇವುಗಳಲ್ಲಿ ನೆಲದೊಳಗೆ ಇಳಿದು ಮಾಲು ನೋಡುವುದು. ಹಗೇವಿನ ಒಳಗೆ, ಮಣ್ಣು ಮತ್ತು ಅರಿಶಿನ ಕಲಸಿದ ಬಿಸಿ ವಾಸನೆಯಲ್ಲಿ, ಯಾರ ಕಣ್ಣಿಗೂ ಬೀಳದೆ ನಿಂತಾಗ ಅವನ ಹೆಗಲು ತಾನಾಗಿ ಸಡಿಲವಾಗುತ್ತಿತ್ತು. ಇವತ್ತು ಮಧ್ಯಾಹ್ನ ಅವನು ಒಂದು ಕೋಣೆ ತುಂಬ ಮಕ್ಕಳ ಮುಂದೆ ಅಳ್ಳಾಡದೆ ನಿಲ್ಲಬೇಕಾಗಿತ್ತು.

"ಚಹಾ ಚೆಲ್ಲಿದೆಲ್ಲೊ," ಎಂದಳು ಕಮಲಾಬಾಯಿ. ಜಪಮಣಿ ಹಿಡಿದು ಮೂಲೆಯ ಮಂಚದ ಮೇಲೆ ಕೂತಿದ್ದ ತಾಯಿ ಕಣ್ಣು ತೆರೆದೇ ಇದ್ದದ್ದು ಅವನ ಗಮನಕ್ಕೆ ಬಂದಿರಲಿಲ್ಲ.

"ತಣ್ಣಗಾಗಿತ್ತವ್ವಾ."

"ಹೋಗಬ್ಯಾಡ ಅಂತ ನಾ ಹೇಳ್ಲಿಲ್ಲೇನ. ಜ್ವರ ಬಂದಾವ ಅನ್ನು. ಒಂದು ಮಡಕಿ ಇಟ್ಟುಕೊಟ್ರ ಹುಡುಗೂರು ಅದನ್ನ ನೋಡಿ ಚಿತ್ರಾ ತಗೀತಾವ."

"ಆಮಂತ್ರಣ ಪತ್ರಿಕಾದಾಗ ಹೆಸರು ಬಂದೈತಿ."

"ಬಂದಿದ್ದು ನಿಮ್ಮಪ್ಪನ ಹೆಸರು. ನಿಂದಲ್ಲ," ಎಂದು ಅವಳು ಮತ್ತೆ ಮಣಿ ಎಣಿಸತೊಡಗಿದಳು.

ಅವನಪ್ಪ ಪಾಯಪ್ಪ ಮಾಸ್ತರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು. ತೀರಿಕೊಂಡ ಮೇಲೆ ಊರಿಗೆ ದೊಡ್ಡವರಾದರು. ಬದುಕಿದ್ದಾಗ ಅವರ ಚಿತ್ರಗಳನ್ನು ಕೊಂಡವರು ಕೆಲವೇ ಸಂಸ್ಥಾನಿಕರು, ಕೆಲವೇ ಸಾವಕಾರರು. ಈಗ ಮುಂಬಯಿಯ ಸಂಗ್ರಹಾಲಯದಲ್ಲಿ ಒಂದು ಗೋಡೆ ಅವರದೇ ಇತ್ತು. ಆ ಗೋಡೆಯ ನಡುವೆ ‘ನಿಂತ ಹುಡುಗ’. ಕಿಟಕಿಯ ಸರಳಿಗೆ ಒಂದು ಕೈ ಕೊಟ್ಟು, ಎಡಗಾಲು ಸ್ವಲ್ಪ ಮುಂದಿಟ್ಟು, ಅರ್ಧ ಚಡ್ಡಿಯಲ್ಲಿ ನಿಂತ ಎಂಟು ವರ್ಷದ ಹುಡುಗ. ಆ ಹುಡುಗ ಪಾರ್ಶ್ವನಾಥ. ಗಾವಭಾಗದಲ್ಲಿದ್ದ ಹಳೆಯ ಮನೆಯನ್ನು ಮಗ ಅಭಿಜಿತ ಕೆಡವಿಸಿ ಮೇಲೆ ಫ್ಲ್ಯಾಟುಗಳನ್ನು ಎಬ್ಬಿಸಿ ಮಾರಿದ್ದ; ಕೆಳ ಅಂತಸ್ತನ್ನು ಮಾತ್ರ ಮಾರದೆ ‘ಪಾಯಪ್ಪ ಮಾಸ್ತರ ಕಲಾ ಶಿಕ್ಷಣ ಪ್ರತಿಷ್ಠಾನ’ ಎಂದು ಹಿತ್ತಾಳೆಯ ಅಕ್ಷರ ಬರೆಸಿದ್ದ. ಹಳ್ಳಿಯ, ಪೇಟೆಯ ಮಕ್ಕಳಿಗೆ ಅಲ್ಲಿ ಬಿಟ್ಟಿ ಚಿತ್ರಕಲೆ ಕಲಿಸುವುದು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋಗಬೇಕೆಂದು ಆಸೆಪಟ್ಟು ಮದುವೆಯಾಗಿ ಇಲ್ಲಿಗೆ ಬಂದಿದ್ದ ಸಂಪದಾ ಕಲಿಸುವವಳು. ಇವತ್ತು ಮೊದಲ ವರ್ಗ. ಒಳ್ಳೆಯ ಕೆಲಸವೇ, ಯಾರು ಬೇಡವೆಂದಾರು? ಬೇಡವೆನ್ನಲು ಪಾರ್ಶ್ವನಾಥನ ಹತ್ತಿರ ಇದ್ದದ್ದು ಕಾರಣವಲ್ಲ, ಬರೀ ಒಂದು ಅಂಜಿಕೆ. ಅದನ್ನು ಅವನು ಮನಸ್ಸಿನೊಳಗೂ ಪೂರ್ತಿ ಮಾತಾಗಲು ಬಿಟ್ಟಿರಲಿಲ್ಲ.

ಊಟಕ್ಕೆ ಕೂತು ಒಣ ಜೋಳದ ಭಕ್ರಿಯನ್ನಷ್ಟೇ ತಿಂದು ಎದ್ದ. ಅಭಿಜಿತನ ಮಾರುತಿ ಕಾರಿನಲ್ಲಿ ಮುಂದೆ ಕೂತಾಗ ಸೀಟಿನ ಪಟ್ಟಿ ಹೊಟ್ಟೆಗೆ ಒತ್ತದಂತೆ ಎರಡು ಬೆರಳು ಅಡ್ಡ ಇಟ್ಟುಕೊಂಡ. ವಿಶ್ರಾಮಬಾಗದ ರಸ್ತೆಯ ಎರಡೂ ಬದಿಗೆ ಹಸಿ ಸಿಮೆಂಟಿನ ಕಟ್ಟಡಗಳು ಕಬ್ಬಿಣದ ಸಲಾಕೆಗಳನ್ನು ಮೇಲಕ್ಕೆ ಚಾಚಿ ನಿಂತಿದ್ದವು. ಹೋದ ವರ್ಷ ಹುಣಸೆಮರಗಳಿದ್ದಲ್ಲಿ ಈಗ ಎಸ್‌ಟಿಡಿ ಬೂತು, ಬಣ್ಣದ ಟಿವಿ ಮಾರುವ ಗಾಜಿನ ಅಂಗಡಿ. ಸಾಂಗಲಿ ಮಿರಜಿನ ಕಡೆಗೂ ಮಿರಜ ಸಾಂಗಲಿಯ ಕಡೆಗೂ ಒಂದೇ ಸಮ ಬೆಳೆಯುತ್ತ ಹೊರಟು ನಡುವೆ ಬಯಲೆಂಬುದು ಉಳಿದಿರಲಿಲ್ಲ. ಗಾಜಿನ ಅಂಗಡಿಗಳು ಬಂದ ಮೇಲೆ ಪಾರ್ಶ್ವನಾಥನಿಗೆ ಆ ರಸ್ತೆಯಲ್ಲಿ ನಡೆಯುವುದೇ ಬೇಡವಾಗಿತ್ತು. ಎಲ್ಲಿ ತಿರುಗಿದರೂ ತಾನೇ ನಡೆದುಬರುವುದು ಕಾಣುತ್ತಿತ್ತು. ಅಭಿಜಿತ ಮಾತಾಡುತ್ತಿದ್ದ. ಅಜ್ಜನ ಹೆಸರಿನಿಂದ ಕಟ್ಟಡಕ್ಕೆ ಒಂದು ವಜನು ಬಂತು, ಫ್ಲ್ಯಾಟು ಕೊಂಡವರೂ ಅಭಿಮಾನಪಡುತ್ತಾರೆ, ಸಿದ್ರಾಮಪ್ಪ ಸರ್ ಮುಂಬಯಿಯಿಂದ ಮುದ್ದಾಮ ಬಂದಿದ್ದಾರೆ. ಸಿದ್ರಾಮಪ್ಪ ಮಿರಜಿನ ಕಿರಾಣಿ ವ್ಯಾಪಾರಸ್ಥರ ಮನೆತನದವರು, ಮುಂಬಯಿಯಲ್ಲಿ ಕಲೆಯ ಇತಿಹಾಸ ಕಲಿಸುವ ಪ್ರೊಫೆಸರು, ಪಾಯಪ್ಪ ಮಾಸ್ತರರ ಮೇಲೆ ಪುಸ್ತಕ ಬರೆದವರು. ಚಿತ್ರದಲ್ಲಿದ್ದ ಹುಡುಗನನ್ನೇ ಇಷ್ಟು ವರ್ಷಗಳ ಮೇಲೆ ಅದೇ ಭಂಗಿಯಲ್ಲಿ ನಿಲ್ಲಿಸಿ ಮಕ್ಕಳಿಂದ ಬರೆಸಬೇಕು ಎಂಬುದು ಅವರ ಕಲ್ಪನೆ. ಟ್ರಸ್ಟಿಗಳ ಸಭೆಯಲ್ಲಿ ಅದನ್ನು ಅವರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಪಾರ್ಶ್ವನಾಥನ ಎರಡೂ ಕೈ ತಾವಾಗಿ ಸೇರಿ ಚಪ್ಪಾಳೆ ತಟ್ಟಿದ್ದವು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು: ಮಾಸ್ತರರ ನಿಜವಾದ ಆಸ್ತಿ ಬಣ್ಣವಲ್ಲ, ಶಿಸ್ತು, ಅದಕ್ಕೇ ಮಕ್ಕಳನ್ನೂ ವಾರಕ್ಕೊಬ್ಬರಂತೆ, ಮಾಸ್ತರರು ಮಗನನ್ನು ನಿಲ್ಲಿಸಿದ ಹಾಗೆ, ಪೀಠದ ಮೇಲೆ ನಿಲ್ಲಿಸಬೇಕು, ನಿಂತು ಗೊತ್ತಿದ್ದವನಿಗೇ ನೋಡುವುದು ಗೊತ್ತಾಗುತ್ತದೆ. ಆಗಲೂ ಎಲ್ಲರೂ ತಲೆಯಾಡಿಸಿದರು. ಬೇಡ ಎಂದು ಪಾರ್ಶ್ವನಾಥ ಒಂದು ಮಾತು ಆಡಬಹುದಾಗಿತ್ತು. ನಾಲಿಗೆ ಹೊರಳಲಿಲ್ಲ. ಅಂದಿನಿಂದ ಅವನಿಗೆ ಯಾರದೋ ಮಗುವನ್ನು ತಾನೇ ಕೈಹಿಡಿದು ಎಲ್ಲಿಗೋ ಕರೆದೊಯ್ಯುತ್ತಿರುವಂತೆ ಒಂದು ಸಂಕಟ.

"ಪಪ್ಪಾ, ಯಾಕ ಸುಮ್ಮಕ ಕುಂತೀರಿ?" ಎಂದ ಅಭಿಜಿತ. "ಬರೇ ನಿಂದ್ರೂದು. ಅದರಾಗೇನೈತಿ."

ಬರೇ ನಿಲ್ಲುವುದು. ನಿಲ್ಲುವುದರಲ್ಲಿ ಏನಿದೆ ಎಂದು ಈ ಹುಡುಗನಿಗೆ ಹೇಗೆ ಹೇಳುವುದು? ಅಪ್ಪ ಒಂದು ದಿನವೂ ಹೊಡೆದವರಲ್ಲ. ಹೊಡೆದಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಪೀಠ ಹತ್ತು ಎನ್ನುತ್ತಿದ್ದರು, ಹತ್ತುತ್ತಿದ್ದ. ಒಂದೇ ಕಡೆ ನೋಡು, ಕಣ್ಣು ಕದಲಿದರೆ ಮೈ ಕದಲುತ್ತದೆ ಎನ್ನುತ್ತಿದ್ದರು. ಆಮೇಲೆ ಅವರ ನೋಟ ಸುರುವಾಗುತ್ತಿತ್ತು. ಮೊದಲು ಹಣೆಯ ಮೇಲೆ, ಆಮೇಲೆ ಕತ್ತಿನ ಕೆಳಗಿನ ಎಲುಬಿನ ಮೇಲೆ, ಇರುವೆ ಹರಿದಂತೆ. ನೊಣ ಕೂತು ಹುಡುಗ ತುಸು ಅಳ್ಳಾಡಿದರೂ ಅಪ್ಪ ಬೈಯುತ್ತಿರಲಿಲ್ಲ. ಕುಂಚವನ್ನು ಕೆಳಗಿಟ್ಟು, ಕೈಕಟ್ಟಿ, ಸುಮ್ಮನೆ ನೋಡುತ್ತ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಮನೆಯ ಸದ್ದೆಲ್ಲ ನಿಂತುಹೋಗುತ್ತಿತ್ತು. ಅವ್ವ ಒಳಗೆ ಪಾತ್ರೆ ಮುಟ್ಟುತ್ತಿರಲಿಲ್ಲ. ಹುಡುಗ ಮತ್ತೆ ಮೊದಲಿನಂತಾಗುವ ತನಕ, ಕೈ ಅಲ್ಲಿಯೇ, ಕಾಲು ಅಲ್ಲಿಯೇ, ಮುಖದ ಮೇಲಿನ ಭಾವ ಸಹ ಅಲ್ಲಿಯೇ ಬರುವ ತನಕ. ವಿಚಿತ್ರವೆಂದರೆ ಪೀಠದಿಂದ ಇಳಿದ ಮೇಲೆ ಅಪ್ಪ ಅವನನ್ನು ನೋಡುತ್ತಲೇ ಇರಲಿಲ್ಲ. ಊಟಕ್ಕೆ ಕೂತಾಗ ಗೋಡೆಯನ್ನು ನೋಡುತ್ತಿದ್ದರು, ಪರೀಕ್ಷೆಯ ಅಂಕ ತೋರಿಸಿದರೆ ಹಾಳೆಯನ್ನು ನೋಡುತ್ತಿದ್ದರು. ಹಾಗಾಗಿ ಅಂಜಿ ಸಾಯುತ್ತಿದ್ದರೂ ಅವನು ಮರುದಿನ ಮತ್ತೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಮೀಸೆ ಚಿಗುರಿದ ವರ್ಷ ಅಪ್ಪ ಅವನ ಗದ್ದ ಹಿಡಿದೆತ್ತಿ ಬೆಳಕಿಗೆ ತಿರುಗಿಸಿ, ಇನ್ನು ಸಾಕು ಎಂದರು. ಅಲ್ಲಿಗೆ ಮುಗಿಯಿತು. ಆ ದಿನ ಹಿತ್ತಲಿಗೆ ಹೋಗಿ ಅತ್ತದ್ದು ಬಿಡುಗಡೆಯ ಸಂತೋಷಕ್ಕೋ ಅಥವಾ ಇನ್ನು ಯಾರೂ ತನ್ನನ್ನು ನೋಡುವುದಿಲ್ಲವೆಂದೋ, ಇವತ್ತಿಗೂ ಅವನಿಗೆ ತಿಳಿದಿಲ್ಲ.

ಕಾರು ನಿಂತಿತು. ಇಳಿಯುತ್ತಲೇ ಅವನು ನೇರ ಒಳಗೆ ಹೋಗಿ ಸಂಡಾಸದ ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡ, ಒಮ್ಮೆ ಹೋಗಿಯೂ ಬಂದ. ಹೊಸ ಕಟ್ಟಡದ ಕೆಳಗೆ ಹಳೆಯ ಮನೆ ಎಲ್ಲಿತ್ತೆಂದು ಗೊತ್ತಾಗುವಂತಿರಲಿಲ್ಲ. ಆದರೂ ಅಪ್ಪನ ಚಿತ್ರದ ಕೋಣೆ ಇದ್ದ ಜಾಗ ಕಾಲಿಗೆ ಗೊತ್ತಿತ್ತು. ಸರಿಯಾಗಿ ಅಲ್ಲಿಯೇ, ಮಕ್ಕಳು ಅರ್ಧಚಂದ್ರದಂತೆ ಕೂತಿದ್ದ ಚಾಪೆಗಳ ಮುಂದೆ, ಅಪ್ಪನ ಹಳೆಯ ತೇಗದ ಪೀಠ ಇಟ್ಟಿತ್ತು. ಮನೆ ಕೆಡವಿದ ಕಟ್ಟಿಗೆಯ ಜತೆ ಅದನ್ನು ಮಾರದೆ ಉಳಿಸಿಕೊಂಡಿದ್ದರು. ಹೊಸದಾಗಿ ಪಾಲಿಶ್ ಮಾಡಿಸಿದ್ದರು. ಹಿಂದಿನ ಗೋಡೆಯ ಮೇಲೆ ಆಳೆತ್ತರಕ್ಕೆ ದೊಡ್ಡದು ಮಾಡಿಸಿದ ‘ನಿಂತ ಹುಡುಗ’ದ ಫೋಟೊ.

"ಬರ್ರಿ, ಕುಂದ್ರಿ," ಎಂದು ಸಿದ್ರಾಮಪ್ಪ ಕೈಹಿಡಿದು ಕರೆದು ಕುರ್ಚಿ ತೋರಿಸಿದರು. ದಪ್ಪ ಚಷ್ಮಾ, ಖಾದಿ ಜುಬ್ಬಾ, ಪ್ರೀತಿಯ ಮನುಷ್ಯ. "ಮೊದಲ ನಾ ನಾಕು ಮಾತು ಹೇಳತೇನಿ. ಆಮ್ಯಾಲ ನೀವು ನಿಂದ್ರೀರಂತ."

ಅವರು ಮಕ್ಕಳಿಗೆ ಮರಾಠಿಯಲ್ಲಿ ಹೇಳತೊಡಗಿದರು. ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿದರು; ಹುಡುಗನ ಎಡಗಡೆಯ ಕಿಟಕಿಯಿಂದ ಎಂದರು ಮಕ್ಕಳು. ಹಾಗಿದ್ದರೆ ಎಡಗಾಲಿನ ಮೇಲೆ, ತೊಡೆಯಿಂದ ಹಿಮ್ಮಡದ ತನಕ ಈ ಕಪ್ಪು ಹೇಗೆ ಬಂತು? ಬೆಳಕಿದ್ದ ಕಡೆಗೇ ನೆರಳು ಬೀಳುತ್ತದೆಯೆ? ಹಿಂದೆ ಗಿಡ ಇರಬೇಕು ಎಂದ ಒಬ್ಬ ಹುಡುಗ. ಇಲ್ಲ, ಎಂದು ಸಿದ್ರಾಮಪ್ಪ ಬೆರಳಿನಿಂದ ಫೋಟೊದ ಮೇಲೆ ಆ ಕಪ್ಪನ್ನು ಮೇಲಿನಿಂದ ಕೆಳಕ್ಕೆ ನಿಧಾನ ಸವರಿದರು. ಪಾರ್ಶ್ವನಾಥ ಕುರ್ಚಿಯ ಮೇಲೆ ತೊಡೆಗಳನ್ನು ಒತ್ತಿ ಹಿಡಿದ. ಇದು ಹೊರಗಿನ ನೆರಳಲ್ಲ ಮಕ್ಕಳೇ, ಎಂದರು ಅವರು. ಹುಡುಗನ ಒಳಗಿನಿಂದ ಬಂದದ್ದು. ಜಗತ್ತಿನಲ್ಲಿ ಎಷ್ಟು ಬೆಳಕಿದ್ದರೂ ಮನುಷ್ಯ ತನ್ನ ಕತ್ತಲನ್ನು ತಾನೇ ಹೊತ್ತು ನಿಲ್ಲಬೇಕು, ಅದನ್ನು ಮಾಸ್ತರರು ಕಂಡರು.

ಒಳಗಿನಿಂದ ಬಂದದ್ದು. ಆ ಮಾತಿಗೆ ಅವನ ಕಿವಿಯೆಲ್ಲ ಬಿಸಿಯಾಯಿತು. ಗೊತ್ತಿದ್ದೇ ಆಡಿದರೆ? ಅವರ ಪುಸ್ತಕದಲ್ಲಿ ಆ ನೆರಳಿನ ಮೇಲೆ ಒಂದು ಅಧ್ಯಾಯವೇ ಇತ್ತು. ಓದಿ ಓದಿ ಅವನಿಗೆ ಕಂಠಪಾಠವಾಗಿತ್ತು. ಓದುವಾಗಲೆಲ್ಲ, ಮುಂದಿನ ಸಾಲಿನಲ್ಲಿ ಎಲ್ಲಿ ಬಯಲಾಗುತ್ತದೋ ಎಂದು ಅಂಜುತ್ತ ಓದಿದ್ದ. ಆ ಚಿತ್ರ ಬರೆದದ್ದು ಬೇಸಿಗೆಯ ಒಂದು ದಿನ. ಹುಡುಗ ಬೆಳಗಿನಿಂದ ನಿಂತಿದ್ದ. ಹೊರಗೆ ಹೋಗಬೇಕು ಎನ್ನಲು ಬಾಯಿ ತೆರೆದರೆ ಮುಖದ ಭಾವ ಕೆಡುತ್ತಿತ್ತು. ತಡೆದ, ತಡೆದ, ಕಣ್ಣಲ್ಲಿ ನೀರು ಬರುವ ತನಕ ತಡೆದ. ಆಮೇಲೆ ಮೈ ಅವನ ಮಾತು ಕೇಳಲಿಲ್ಲ. ಬೆಚ್ಚಗಿನದು ತೊಡೆಯಗುಂಟ ಇಳಿದು ಮೀನಖಂಡ ಸುತ್ತಿ ಹಿಮ್ಮಡಿಯಲ್ಲಿ ನಿಂತಿತು. ಅಪ್ಪನ ನೋಟ ಅದರೊಂದಿಗೆ ಇಳಿಯಿತು. ಕುಂಚ ನಿಲ್ಲಲಿಲ್ಲ. ಅವ್ವ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ನೋಡಿ, ಅಯ್ಯ ಎಂದು ಒಂದು ಹೆಜ್ಜೆ ಒಳಗಿಟ್ಟಳು. ‘ಹಿಂದಕ ಸರಿ, ಬೆಳಕಿಗೆ ಅಡ್ಡ ಬರ್ತಿ,’ ಎಂದರು ಅಪ್ಪ. ಅವಳು ಸರಿದಳು.

"ಮಾಮಾ, ಬರ್ರಿ," ಎಂದು ಸಂಪದಾ ಕರೆದಾಗ ಅವನು ಎದ್ದದ್ದು ಕೂಡ ಗೊತ್ತಾಗಲಿಲ್ಲ. ಪೀಠದ ಮೇಲೆ ಎಡಗಾಲು ಮುಂದೆ, ಕೈ ಸರಳಿನ ಬದಲು ಒಂದು ಕೋಲಿನ ಮೇಲೆ. ಯಾರೂ ಹೇಳಿಕೊಡಬೇಕಾಗಲಿಲ್ಲ. ಮೈ ತಾನೇ ಹೋಗಿ ತನ್ನ ಜಾಗದಲ್ಲಿ ಕೂತಿತು, ಹಳೆಯ ಬಾಗಿಲು ಹಳೆಯ ಚೌಕಟ್ಟಿಗೆ ಕೂತಂತೆ. ಮಕ್ಕಳು ತಲೆಯೆತ್ತಿದರು. ಅಷ್ಟೊಂದು ಕಣ್ಣು. ಹಣೆಯಲ್ಲಿ, ಕುತ್ತಿಗೆಯಲ್ಲಿ, ಧೋತರದ ನಿರಿಗೆಯಲ್ಲಿ ಹರಿದಾಡುತ್ತಿದ್ದವು. ಕಿಬ್ಬೊಟ್ಟೆಯಲ್ಲಿ ಒತ್ತಿತು. ಈಗಷ್ಟೇ ಹೋಗಿ ಬಂದಿದ್ದೇನೆ, ಒಳಗೆ ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಒತ್ತಿತು. ಇಳಿದುಬಿಡಲೆ? ಇಳಿದರೆ ಏನೆನ್ನುವುದು? ಊರ ಜನ, ಹಾರ ಹಿಡಿದು ನಿಂತ ಫ್ಲ್ಯಾಟಿನವರು, ಕ್ಯಾಮರಾದವನು. ಇಲ್ಲೇ, ಇದೇ ಪೀಠದ ಮೇಲೆ, ಇಷ್ಟು ಜನರ ಮುಂದೆ, ಬಿಳಿಯ ಧೋತರದ ಮೇಲೆ. ಕಣ್ಣು ಕತ್ತಲೆ ಬಂದಂತಾಯಿತು. ಒಂದೇ ಕಡೆ ನೋಡು. ಕಣ್ಣು ಕದಲಿದರೆ ಮೈ ಕದಲುತ್ತದೆ. ಅವನು ಹುಡುಕಿದ. ಎದುರಿಗೆ, ನಡುವಿನ ಚಾಪೆಯ ಮೇಲೆ, ಎರಡು ಜಡೆ ಹಾಕಿದ ಒಂದು ಹುಡುಗಿಯ ಮುಖ ಸಿಕ್ಕಿತು. ಗೋಡೆಯಲ್ಲಿ ಮೊಳೆ ಸಿಕ್ಕಂತೆ ಅದಕ್ಕೆ ತನ್ನ ನೋಟವನ್ನು ತೂಗುಹಾಕಿದ.

ಅದು ಕೆಲಸ ಮಾಡಿತು. ಆ ಮುಖ ಇರುವ ತನಕ ತಾನು ಇರುತ್ತೇನೆ. ಎರಡು ಹುಬ್ಬಿನ ನಡುವೆ ಒಂದು ಚುಕ್ಕೆ ಕುಂಕುಮ, ಅದರಲ್ಲಿಯೇ ನಿಂತ. ಉಳಿದ ಕಣ್ಣುಗಳು ದೂರವಾದವು, ಪೆನ್ಸಿಲುಗಳ ಸದ್ದು ದೂರದಲ್ಲಿ ಎಲೆ ಅಲುಗಿದಂತಾಯಿತು. ಹುಡುಗಿ ತಲೆ ತಗ್ಗಿಸಿದಳು. ಅವನಿಗೆ ದಿಕ್ಕು ತಪ್ಪಿತು. ಒತ್ತಡ ಮತ್ತೆ ಕೆಳಗಿಳಿಯಿತು. ಎತ್ತು, ಎಂದು ಮನಸ್ಸಿನಲ್ಲೇ ಅಂದ. ಅವಳು ಎತ್ತಿದಳು. ಮತ್ತೆ ತಗ್ಗಿಸಿದಳು, ಪಕ್ಕದವಳ ಹಿಂದೆ ಸರಿಯಲು ನೋಡಿದಳು. ಅವನಿಗೆ ಸಿಟ್ಟು ಬಂತು. ಎಷ್ಟು ಅಳ್ಳಾಡುತ್ತಾಳೆ ಈ ಹುಡುಗಿ. ಒಂದು ಕ್ಷಣ ಸುಮ್ಮನೆ ಕೂರಬಾರದೆ? ಅವಳು ಎಲ್ಲಿ ಸರಿದರೂ ಅವನ ಕಣ್ಣು ಅಲ್ಲಿಗೆ ಹೋಗಿ ಹಿಡಿಯಿತು, ಹಿಡಿದು ಕಾಯಿತು. ಕೊನೆಗೆ ಅವಳು ಅಳ್ಳಾಡುವುದನ್ನು ಬಿಟ್ಟಳು. ಪೆನ್ಸಿಲು ಹಿಡಿದ ಕೈ ಹಾಳೆಯ ಮೇಲೆ ಹಾಗೇ ನಿಂತಿತು, ಮುಖ ಮೇಲಕ್ಕೆ, ಬಾಯಿ ಸ್ವಲ್ಪ ತೆರೆದು. ಹಾಂ, ಹೀಗೆ. ಅವನ ಉಸಿರು ಸಮವಾಯಿತು.

ಚಪ್ಪಾಳೆ ಕೇಳಿದಾಗ ಮುಗಿದದ್ದು ಗೊತ್ತಾಯಿತು. ಯಾರೋ ಹಾರ ಹಾಕಿದರು. ಹಾರ ಸಮೇತ ಅವನು ಆದಷ್ಟು ಗಂಭೀರವಾಗಿ ನಡೆದು ಹೋಗಿ ಸಂಡಾಸದ ಬಾಗಿಲು ಹಾಕಿಕೊಂಡ. ಧೋತರ ಒದ್ದೆಯಾಗಿರಲಿಲ್ಲ. ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ, ಒಣಗಿಯೇ ಇತ್ತು. ನಲ್ಲಿ ತಿರುಗಿಸಿ ಬೊಗಸೆಗಟ್ಟಲೆ ನೀರು ಕುಡಿದ. ಬೆಳಗಿನಿಂದ ಹಿಡಿದಿಟ್ಟ ದಾಹವೆಲ್ಲ ಒಮ್ಮೆಲೇ ಎದ್ದು ಬಂತು. ಗೆದ್ದೆ ಎನ್ನಿಸಿತು. ಅಪ್ಪನ ಪೀಠವನ್ನು ಗೆದ್ದೆ. ಕನ್ನಡಿಯಲ್ಲಿ ಮುಖ ಕಂಡಿತು, ಇವತ್ತು ಅದೂ ಅಷ್ಟು ಬೇಸರ ತರಲಿಲ್ಲ.

ಹೊರಗೆ ಬಂದಾಗ ಮಕ್ಕಳ ಚಿತ್ರಗಳನ್ನು ದಾರಕ್ಕೆ ಸಿಕ್ಕಿಸುತ್ತಿದ್ದರು. ಒಂದರಲ್ಲಿ ಅವನಿಗೆ ಆನೆಯ ಕಿವಿ, ಒಂದರಲ್ಲಿ ಕೋಲೇ ಅವನಿಗಿಂತ ದೊಡ್ಡದು. ಅವನಿಗೆ ನಗು ಬಂತು. ನಡುವಿನ ಚಾಪೆಯ ಹತ್ತಿರ ಸಂಪದಾ ಕುಕ್ಕರಗಾಲಲ್ಲಿ ಕೂತಿದ್ದಳು. ಆ ಎರಡು ಜಡೆಯ ಹುಡುಗಿ ಹಾಳೆಯನ್ನು ಬೋರಲು ಹಾಕಿ ಎರಡೂ ಕೈ ಅದರ ಮೇಲಿಟ್ಟಿದ್ದಳು.

"ಸೋನಲ, ತೋರಸವ್ವಾ. ಯಾರೂ ಬೈಯೂದಿಲ್ಲ." ಸಂಪದಾ ಹಾಳೆಯನ್ನು ತಿರುಗಿಸಿದಳು. ಅದರ ಮೇಲೆ ಏನೂ ಇರಲಿಲ್ಲ. "ಯಾಕ ತಗೀಲಿಲ್ಲ?"

ಸಮಡೋಳಿ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹುಡುಗಿ, ಮನೆಯಲ್ಲಿ ಕನ್ನಡ ಆಡುವವರ ಮಗಳು. ನೆಲ ನೋಡುತ್ತ ಅಂದಳು: "ಆ ಅಜ್ಜಾ ನನ್ನ ಒಬ್ಬಾಕಿನ್ನ ನೋಡಾಕತ್ತಿದ್ರು."

"ನೋಡಿದ್ರ ಏನಾತು?"

"ಅಂಜಿಕಿ ಬಂತು. ಕೈ ಹೊಳ್ಳಲಿಲ್ಲ." ಆಗ ಅವಳಿಗೆ ಹತ್ತಿರದಲ್ಲಿಯೇ ನಿಂತ ಪಾರ್ಶ್ವನಾಥ ಕಂಡ. ಕಂಡದ್ದೇ ಸಂಪದಾಳ ಸೆರಗಿನ ಹಿಂದೆ ಸರಿದಳು.

ತನ್ನನ್ನು ಕಂಡು ಒಂದು ಮಗು ಹೀಗೆ ಸರಿದದ್ದನ್ನು ಅವನು ಎಂದೂ ನೋಡಿರಲಿಲ್ಲ. ಇಡೀ ಜನ್ಮ ತಾನು ಅಂಜಿದವನು ಎಂದಷ್ಟೇ ತಿಳಿದಿದ್ದ. ಹಿಂದಿನಿಂದ ಸಿದ್ರಾಮಪ್ಪ ಬಂದು ಹುಡುಗಿಯ ತಲೆ ನೇವರಿಸಿದರು.

"ಅಂಜಿಕಿ ಇರಬೇಕು. ಅಂಜಿಕಿ ಇಲ್ದ ಶಿಸ್ತು ಬರೂದಿಲ್ಲ. ಮುಂದಿನ ವಾರ ಇಕಿನ್ನ ಮೊದಲ ಪೀಠದ ಮ್ಯಾಲ ನಿಂದ್ರಸೂಣು. ತಾನ ಹೋಗತೈತಿ."

"ಬ್ಯಾಡ್ರಿ," ಎಂದ ಪಾರ್ಶ್ವನಾಥ.

"ಏನಂದ್ರಿ?"

"ನಿಂದ್ರಸೂದು ಬ್ಯಾಡ. ಇಕಿನ್ನೂ ಬ್ಯಾಡ, ಯಾರನ್ನೂ ಬ್ಯಾಡ."

ಅವನ ದನಿ ಅವನಿಗೇ ಹೊಸದಾಗಿ ಕೇಳಿತು. ಹಾರ ಹಾಕಿದವರು ತಿರುಗಿದರು. ಅಭಿಜಿತ ಕ್ಯಾಮರಾದವನ ಹತ್ತಿರದಿಂದ ಬಂದ. ಸಿದ್ರಾಮಪ್ಪ ನಗುತ್ತಲೇ, ಯಾಕ್ರಿ ಪಾರ್ಶ್ವನಾಥರ, ನೀವ ನಿಂತು ಬೆಳದವರು ಎಂದರು. ಈಗ ಸುಮ್ಮನಾಗಬಹುದಿತ್ತು. ಅವನು ಗೋಡೆಯ ಮೇಲಿನ ಫೋಟೊದ ಎಡಗಾಲಿನ ಕಡೆ ಕೈ ತೋರಿಸಿದ.

"ಅದು ನೆರಳಲ್ಲರಿ ಸರ್. ನಾ ನಿಂತಲ್ಲೇ ಉಚ್ಚಿ ಹೊಯ್ಕೊಂಡಿದ್ದೆ. ಅಪ್ಪ ಇಳಿ ಅನಲಿಲ್ಲ. ಅದನ್ನೂ ನೋಡಿ ತಗದ್ರು."

ಕನ್ನಡ ತಿಳಿಯುವ ಒಬ್ಬ ಹುಡುಗ ಪಕ್ಕದವನ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದ. ಕಿಸಕ್ಕೆಂದು ನಗು ಕೇಳಿತು. ಇದೇ ನಗುವನ್ನು ಪಾರ್ಶ್ವನಾಥ ಇಷ್ಟು ವರ್ಷ ಕನಸಿನಲ್ಲಿ ಕೇಳಿದ್ದ. ಬಂದಾಗ ಅದು ಒಂದು ಹಲ್ಲಿಲ್ಲದ ಹುಡುಗನ ಸಣ್ಣ ನಗು. ಅಭಿಜಿತನ ಮುಖ ಕೆಂಪಾಗಿತ್ತು. "ಪಪ್ಪಾ, ಮಂದಿ ಮುಂದ ಏನ ಮಾತಾಡಾಕತ್ತೀರಿ. ನಡೀರಿ ಮನಿಗೆ," ಎಂದು ತಗ್ಗಿದ ದನಿಯಲ್ಲಿ ಅಂದ. ಸಿದ್ರಾಮಪ್ಪ ಮಾತ್ರ ಫೋಟೊದ ಹತ್ತಿರ ಹೋಗಿ, ಚಷ್ಮಾ ಹಣೆಗೇರಿಸಿ, ಎಡಗಾಲನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಂತುಬಿಟ್ಟರು. ಬಹಳ ಹೊತ್ತಿನ ಮೇಲೆ ತಿರುಗಿದಾಗ ಅವರ ಕಣ್ಣು ಹೊಳೆಯುತ್ತಿದ್ದವು.

"ಅಂದ್ರ ಮಾಸ್ತರು ಕುಂಚ ಕೆಳಗ ಇಡಲಿಲ್ಲ," ಎಂದರು. "ಮಗನ ಮ್ಯಾಲಿನ ಮಾಯಾ ಬದಿಗಿಟ್ಟು ಅದನ್ನೂ ತಗದ್ರು. ಎಂಥಾ ಕಣ್ಣರಿ ಅದು. ಇದನ್ನ ಬರೀಬೇಕರಿ. ನೀವು ಒಪ್ಪಿದ್ರ ಎರಡನೇ ಆವೃತ್ತಿಯೊಳಗ ಹಾಕತೇನಿ."

ಹೇಳಿಬಿಟ್ಟರೆ ಏನಾದರೂ ಮುರಿಯುತ್ತದೆ ಎಂದು ಅವನು ಎಲ್ಲೋ ನಂಬಿದ್ದ. ಏನೂ ಮುರಿಯಲಿಲ್ಲ. ಅಪ್ಪ ಇನ್ನಷ್ಟು ದೊಡ್ಡವರಾಗಿ ಗೋಡೆಯ ಮೇಲೆ ನಿಂತರು. ಅದನ್ನು ಕಂಡು ಹುಟ್ಟಿದ ಹೆದರಿಕೆ ಬೇರೆಯದೇ ಆಗಿತ್ತು, ತಳ ಸಿಗದ ಬಾವಿಗೆ ಕಲ್ಲೆಸೆದು ಕಿವಿಗೊಟ್ಟಂತೆ. "ಒಪ್ಪೂದಿಲ್ಲ," ಎಂದಷ್ಟೇ ಅಂದ. ಅವರಿಗೆ ಕೇಳಿಸಿತೋ ಇಲ್ಲವೋ.

ಸಂಪದಾ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪೀಠದ ಒಂದು ಬದಿಗೆ ಕೈಹಾಕಿದಳು.

"ಅಹೋ, ಆ ಕಡೆ ಹಿಡೀರಿ," ಎಂದಳು ಗಂಡನಿಗೆ.

"ಯಾಕ?"

"ಹೊರಗ ಇಡೂಣು. ಹುಡುಗೂರು ಮಡಕಿ ತಗೀತಾವ, ಗಿಡಾ ತಗೀತಾವ, ಬೆಕ್ಕು ಸಿಕ್ರ ಬೆಕ್ಕು ತಗೀತಾವ. ಇದರ ಮ್ಯಾಲ ಯಾರನ್ನೂ ನಿಂದ್ರಸೂದಿಲ್ಲ."

"ಸಭಾದಾಗ ಠರಾವು ಆಗೈತಿ, ಸಂಪದಾ."

"ಕಲಸಾಕಿ ನಾನು. ನಾ ಇಲ್ಲಿ ಇರೂದಾದ್ರ ಇದು ಇರೂದಿಲ್ಲ."

ಅಭಿಜಿತ ಅಪ್ಪನನ್ನು ನೋಡಿದ, ಪ್ರೊಫೆಸರರನ್ನು ನೋಡಿದ. ಮುಖ ಗಂಟಿಕ್ಕಿಕೊಂಡೇ ಬಗ್ಗಿ ಇನ್ನೊಂದು ಬದಿ ಹಿಡಿದ. ಇಬ್ಬರೂ ಅದನ್ನು ಅಂಗಳದಲ್ಲಿ ಸ್ಕೂಟರುಗಳ ಪಕ್ಕ ಇಟ್ಟು ಬಂದರು. ಅಂಗಳದಲ್ಲಿ ಮಕ್ಕಳಿಗೆ ಪೇಢೆ, ಚಿವಡಾ ಹಂಚತೊಡಗಿದ್ದರು, ಕೋಣೆ ಖಾಲಿಯಾಯಿತು. ಸಿದ್ರಾಮಪ್ಪ ಯಾರ ಜತೆಗೋ ಕತ್ತು ಆಡಿಸಿ ಮಾತಾಡುತ್ತ ಹೊರಗೆ ಹೋದರು. ಸೋನಲ ಮಾತ್ರ ಖಾಲಿ ಹಾಳೆಯ ಮುಂದೆ ಕೂತೇ ಇದ್ದಳು. ಎಲ್ಲರ ಚಿತ್ರ ದಾರದ ಮೇಲಿದ್ದವು, ಅವಳದೊಂದು ಇರಲಿಲ್ಲ.

ಪಾರ್ಶ್ವನಾಥ ಅವಳ ಕಡೆ ಹೋಗಲು ಎರಡು ಹೆಜ್ಜೆ ಇಟ್ಟು ನಿಂತ. ಹೋದರೆ ಮತ್ತೆ ಅಂಜುತ್ತಾಳೆ. ಕ್ಷಮಿಸು ಎನ್ನಲೂ ಮುಖ ತೋರಿಸಬೇಕಲ್ಲ. ಅವನು ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಅವಳಿಗೆ ಬೆನ್ನು ಮಾಡಿ, ಮೊಳಕಾಲಿನ ಮೇಲೆ ಕೈಯೂರಿ ಮೆಲ್ಲಗೆ ನೆಲದ ಮೇಲೆ ಕೂತ. ಎದುರಿಗೆ ಬರೀ ಸುಣ್ಣದ ಗೋಡೆ.

"ನಾ ನಿನ್ನ ಕಡೆ ನೋಡೂದಿಲ್ಲ," ಎಂದ ಗೋಡೆಗೆ. "ಬೇಕಾದ್ರ ಬೆನ್ನು ತಗಿ."

ಹುಡುಗಿ ಎದ್ದು ಹೊರಗೆ ಓಡಿಹೋಗಿರಬೇಕು ಎಂದುಕೊಂಡ. ಆಮೇಲೆ ಹಾಳೆ ಸರಿದ ಸದ್ದು. ಆಮೇಲೆ ಪೆನ್ಸಿಲು, ಒಂದು ಗೆರೆ, ನಿಂತು, ಇನ್ನೊಂದು ಗೆರೆ. ಅವನ ಕುತ್ತಿಗೆಯ ಹಿಂದೆ ಕೂದಲು ನಿಮಿರಿದವು. ಇಷ್ಟು ವರ್ಷ ತನ್ನನ್ನು ನೋಡುವವರನ್ನು ಅವನು ಕಾಣಬಲ್ಲವನಾಗಿದ್ದ. ಈಗ ಏನನ್ನು ನೋಡುತ್ತಿದ್ದಾಳೆ, ಎಲ್ಲಿ ನೋಡುತ್ತಿ​ದ್ದಾಳೆ ಗೊತ್ತಿಲ್ಲ. ಅಂಜಿಕೆ ಕಾಲಿನಿಂದ ಮೇಲೇರಿತು. ಅವನು ಹೆಗಲು ಬಿಗಿಹಿಡಿದ, ಉಸಿರನ್ನು ಸಣ್ಣದು ಮಾಡಿದ, ಎದುರಿನ ಗೋಡೆಯ ಒಂದು ಬಿರುಕಿನಲ್ಲಿ ಕಣ್ಣು ನೆಟ್ಟ. ಅಂಗಳದಿಂದ ಮಕ್ಕಳ ಗದ್ದಲ ಬರುತ್ತಿತ್ತು. ಪೆನ್ಸಿಲು ಓಡಿತು, ನಿಂತಿತು.

"ಅಜ್ಜಾ," ಎಂದಳು ಹುಡುಗಿ. "ಅಳ್ಳಾಡಿದ್ರೂ ನಡೀತೈತಿ."

ಅವನು ಹೂಂ ಎಂದ. ಅಳ್ಳಾಡಬೇಕೆಂದು ನಿಜವಾಗಿಯೂ ಮನಸ್ಸು ಮಾಡಿದ. ಆದರೆ ಕೈಯಿಂದ ಸುರುಮಾಡಬೇಕೋ ಕತ್ತಿನಿಂದ ಸುರುಮಾಡಬೇಕೋ ಅವನಿಗೆ ತಿಳಿಯಲಿಲ್ಲ.